ನಾಲ್ಕರಲ್ಲಿ ತುದಿಯದು

೨೦೧೭ರ ಮಾರ್ಚ್ ಹದಿನಾಲ್ಕು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನಾನು ಪ್ರಯೋಗಾಲಯದ ಕಿಟಕಿಗಳನ್ನು ತೆಗೆಯುತ್ತಿದ್ದಾಗ ನಾದಿನಿ ಬಾಂಡಲಿ ಹಿಡಿದು ಒಳಗೆ ಬಂದಳು. ಬಾಂಡಲಿಯಲ್ಲಿ ಒಂದು ಲೋಳೆಸರದ ಗಿಡವಿತ್ತು. ಅದನ್ನು ಎತ್ತಿ ನನ್ನ ಮೇಜಿನ ಮೇಲಿಡಲು ಹೋದಳು. ಎಲೆಗಳು ಅವಳ ಕೈಗೆ ಬಂದವು, ಬುಡ ಬಾಂಡಲಿಯಲ್ಲೇ ಉಳಿಯಿತು. ಹಸಿ ಮಣ್ಣಿನ ವಾಸನೆಗೆ ಹುಳಿ ಬೆರೆತಂಥ ನಾತ ಕೋಣೆ ತುಂಬಿತು.

"ನೂರಾ ಏಳನೇದು," ಅಂದಳು. "ನಿನ್ನೆ ಸಂಜೆ ಮುಟ್ಟಿದಾಗ ಕಲ್ಲಿನ ಹಾಗಿತ್ತು ಅತ್ತಿಗೆ. ಬೆಳಗಾಗೋ ಹೊತ್ತಿಗೆ ಹೀಗೆ."

"ಉಳಿದದ್ದು?"

"ಐವತ್ತೇಳು. ಅದರಲ್ಲಿ ಗಟ್ಟಿಯಾಗಿರೋದು ಎಷ್ಟು ಅಂತ ಮುಟ್ಟಿ ನೋಡೋಕೂ ಧೈರ್ಯ ಬರ್ತಿಲ್ಲ."

ನಾವಿಬ್ಬರೂ ಔಷಧ ಸಸ್ಯಗಳ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುವವರು. ಮೇಲಿನ ಮಹಡಿಯಲ್ಲಿ ನನ್ನ ಪ್ರಯೋಗಾಲಯ. ಹಿಂದಿನ ಎರಡು ಎಕರೆ ತೋಟ ಅವಳ ಉಸ್ತುವಾರಿಯಲ್ಲಿದೆ, ತೋಟದಾಚೆ ಮುಲಾಮು ತಯಾರಿಸುವ ಶೆಡ್ಡು. ಮನೆಯಲ್ಲಿ ಅವಳು ನನ್ನ ಗಂಡನ ತಂಗಿ. ನಮ್ಮ ಮನೆಯ ಕೆಳಗಿನ ಭಾಗದಲ್ಲಿ ತನ್ನ ಸಂಸಾರ ಮತ್ತು ನಮ್ಮತ್ತೆಯ ಜೊತೆ ಇದ್ದಾಳೆ. ಮನೆಯಲ್ಲಿ ನನಗೆ ಹೆದರದವಳು ಇಲ್ಲಿ ಹೆದರುವ ಪ್ರಶ್ನೆಯೇ ಇಲ್ಲ.

ಆ ಗಿಡಕ್ಕೆ ನಾವು ಇಟ್ಟ ಹೆಸರು ಸಪ್ಪೆ. ಸಾಮಾನ್ಯ ಲೋಳೆಸರದ ಎಲೆ ಕೊಯ್ದರೆ ಸಿಪ್ಪೆಯಡಿಯಿಂದ ಹಳದಿ ರಸ ಒಸರುತ್ತದೆ. ನಾಲಿಗೆಗೆ ತಾಗಿದರೆ ಅರ್ಧ ದಿನ ಕಹಿ ಬಿಡುವುದಿಲ್ಲ. ಸಪ್ಪೆಯಲ್ಲಿ ಆ ರಸವೇ ಇಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮತ್ತೆ ಒಂದು ಕಲ್ಲುಗಣಿಯ ಅಂಚಿನಿಂದ ಬುಟ್ಟಿಯಲ್ಲಿ ಹನ್ನೊಂದು ಮರಿ ತಂದುಕೊಟ್ಟಿದ್ದರು. ಆಮೇಲೆ ಗಣಿ ಆ ಗುಡ್ಡವನ್ನೇ ತಿಂದುಹಾಕಿತು. ಹನ್ನೊಂದು ಮರಿಗಳಿಂದ ನಾದಿನಿ ನೂರಾ ಅರವತ್ತನಾಲ್ಕು ಗಿಡ ಮಾಡಿದ್ದಳು. ಬೇರೆ ಊರುಗಳ ಎರಡು ತೋಟಗಳಿಗೂ ಮರಿಗಳನ್ನು ಕಳಿಸಿದ್ದೆವು. ಬುಡ ಕೊಳೆಯುವ ಈ ರೋಗ ಕಳೆದ ಚಳಿಗಾಲದಲ್ಲೇ ಅಲ್ಲಿಯ ಅಷ್ಟನ್ನೂ ಮುಗಿಸಿ, ಈಗ ನಮ್ಮ ಪಾತಿಗೆ ಬಂದಿತ್ತು. ಅಕ್ಕಪಕ್ಕದ ಪಾತಿಗಳ ಕಹಿ ಲೋಳೆಸರಕ್ಕೆ ಒಂದೆರಡು ಎಲೆ ಬಾಡಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಸಪ್ಪೆ ಮಾತ್ರ ತಡೆಯಲಾರದೆ ಕುಸಿಯುತ್ತಿತ್ತು. ಮರಿಗಳೂ ತಾಯಿಯ ಹಾಗೆಯೇ ಕೊಳೆಯುತ್ತಿದ್ದವು. ಗಾಜಿನ ಸೀಸೆಯಲ್ಲಿ ಅಂಗಾಂಶ ಬೆಳೆಸಿದರೂ ಸಿಗುವುದು ಅದೇ ಗಿಡ, ಮಣ್ಣಿಗಿಟ್ಟ ದಿನ ಅದೇ ಗತಿ.

"ಬೀಜ ಕಟ್ಟಿದ್ರೆ," ಅಂದಳು ನಾದಿನಿ, ಎಲೆಗಳನ್ನು ಮತ್ತೆ ಬಾಂಡಲಿಗೆ ಹಾಕುತ್ತಾ. "ಒಂದೇ ಒಂದು ಸಲ."

ಅದು ಬೀಜ ಕಟ್ಟುವುದಿಲ್ಲ ಎಂದು ಹತ್ತೊಂಬತ್ತು ವರ್ಷದ ಹಿಂದೆ ಬರೆದವಳು ನಾನೇ.

ಲೋಳೆಸರದ ಪ್ರತಿ ಜೀವಕೋಶದಲ್ಲಿ ಹದಿನಾಲ್ಕು ವರ್ಣತಂತುಗಳಿರುತ್ತವೆ. ಎಂಟು ಉದ್ದ, ಆರು ಗಿಡ್ಡ. ಕ್ರೋಮೋಸೋಮ್ ಎಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಇವನ್ನೇ. ಅಷ್ಟು ದೊಡ್ಡವು, ಅಷ್ಟು ಸ್ಪಷ್ಟ. ಏಳು ತಾಯಿಯ ಕಡೆಯವು, ಏಳು ತಂದೆಯ ಕಡೆಯವು. ಪರಾಗವಾಗುವ ಮುನ್ನ ಅವು ಜೋಡಿ ಜೋಡಿಯಾಗಿ ಕೂಡಿ, ತುಣುಕುಗಳನ್ನು ಅದಲುಬದಲು ಮಾಡಿಕೊಂಡು, ಏಳು ಆ ಕಡೆ, ಏಳು ಈ ಕಡೆ ಸರಿಯಬೇಕು. ಸಪ್ಪೆಯಲ್ಲಿ ಉದ್ದನೆಯ ಒಂದು ಜೋಡಿ ಹಾಗೆ ಸಲೀಸಾಗಿ ಬಿಡಿಸಿಕೊಳ್ಳುವುದಿಲ್ಲ. ಎಂದೋ ಆ ಜೋಡಿಯಲ್ಲಿ ಒಂದರ ತೋಳಿನ ತುಂಡು ಮುರಿದು, ತಲೆಕೆಳಗಾಗಿ ಮತ್ತೆ ಅಲ್ಲೇ ಅಂಟಿಕೊಂಡಿದೆ. ಹೀಗೆ ತಿರುವುಮುರುವಾದ ತುಂಡಿನಲ್ಲಿ ಅದಲುಬದಲು ನಡೆದರೆ, ಬೇರೆಯಾಗುವ ಹೊತ್ತಿಗೆ ಎರಡು ಗುಂಪುಗಳ ನಡುವೆ ಒಂದು ಎಳೆ ಸೇತುವೆಯ ಹಾಗೆ ಬಿಗಿದು ನಿಲ್ಲುತ್ತದೆ. ಪಕ್ಕದಲ್ಲಿ ಯಾರ ಪಾಲಿಗೂ ಸೇರದ ಒಂದು ಚೂರು ಬಿದ್ದಿರುತ್ತದೆ. ಸೇತುವೆ ಹರಿದಾಗ ಆ ಎಳೆ ಸಿಕ್ಕಿದ ಪರಾಗ ಸಾಯುತ್ತದೆ.

ನನ್ನ ಎಣಿಕೆಯಲ್ಲಿ ನೂರು ಕೋಶಗಳಲ್ಲಿ ಅರವತ್ತೆರಡರಲ್ಲಿ ಸೇತುವೆ ಇತ್ತು. ನೂರು ಪರಾಗ ಕಣಗಳಲ್ಲಿ ನಲವತ್ತೊಂದು ಸತ್ತಿದ್ದವು. ಹನ್ನೊಂದು ಗಿಡಗಳನ್ನೂ ಒಂದರಿಂದ ಹನ್ನೊಂದರವರೆಗೆ ನಂಬರು ಕೊಟ್ಟು, ಮೂರರ ಪರಾಗ ಎಂಟಕ್ಕೆ, ಎಂಟರದು ಐದಕ್ಕೆ ಎಂದು ಇನ್ನೂರಾ ಹನ್ನೆರಡು ಹೂಗಳಿಗೆ ಮುಟ್ಟಿಸಿದ್ದೆ. ಒಂದು ಕಾಯಿಯೂ ನಿಲ್ಲಲಿಲ್ಲ. ವರ್ಣತಂತುಗಳ ಅಸ್ತವ್ಯಸ್ತ ನಡೆಯಿಂದಾಗಿ ಈ ತಳಿ ಬೀಜ ಕಟ್ಟಲಾರದು ಎಂದು ಬರೆದು ಮುಗಿಸಿದೆ.

ಅಂದು ಹನ್ನೊಂದು ಗಂಟೆಗೆ ನಿರ್ದೇಶಕರು ಇಬ್ಬರನ್ನೂ ಕರೆಸಿದರು. ಅವರ ಮೇಜಿನ ಮೇಲೆ ನನ್ನ ಅದೇ ಪ್ರಬಂಧವಿತ್ತು.

"ಮೂವತ್ತೊಂದನೇ ತಾರೀಖಿನೊಳಗೆ ಆ ಪಾತಿ ಖಾಲಿ ಆಗಬೇಕು," ಅಂದರು. "ಗಿಡ, ಬೇರು, ಒಂದಡಿ ಮಣ್ಣು, ಎಲ್ಲಾನೂ. ಬೇರೆ ಪಾತಿಗೆ ಹಬ್ಬಿದರೆ ಯಾರು ಹೊಣೆ?"

"ಹೂ ಬಿಟ್ಟಿದೆ ಸರ್," ಅಂದಳು ನಾದಿನಿ. "ಐದು ಗಿಡದಲ್ಲಿ ದಂಟು ಬಂದಿದೆ. ಕಾಯಿಯಾಗೋವರೆಗೂ ಬಿಡಿ."

"ಕಾಯಿ ಆಗಲ್ಲ ಅಂತ ನಿಮ್ಮತ್ತಿಗೇನೇ ಬರೆದಿದ್ದಾರಲ್ಲಮ್ಮ."

ಅವಳು ನನ್ನ ಮುಖ ನೋಡಿದಳು. ಕೊನೆಗೆ ನಿರ್ದೇಶಕರೇ ಮೆತ್ತಗಾದರು. ದಂಟು ಬಂದ ಐದು ಗಿಡಗಳನ್ನು ಕುಂಡಕ್ಕೆ ಹಾಕಿ ಪಂಪ್ ಮನೆಯ ಪಕ್ಕದ ಗಾಜಿನ ಕೋಣೆಯಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ, ಉಳಿದದ್ದು ಹೋಗಬೇಕು ಎಂದರು. ಪ್ರಬಂಧವನ್ನು ಮಡಚಿ ಅವಳ ಕೈಗೇ ಕೊಟ್ಟರು.

ಮಧ್ಯಾಹ್ನ ಊಟಕ್ಕೆ ಹಿಂಬದಿಯ ಮೆಟ್ಟಿಲ ಮೇಲೆ ಕೂತಾಗ ಅವಳು ಅದನ್ನು ಓದುತ್ತಿದ್ದಳು. ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

"ಅತ್ತಿಗೆ, ಸತ್ತ ಪರಾಗ ನೂರಕ್ಕೆ ನಲವತ್ತೊಂದು ಅಂತ ಬರೆದಿದ್ದೀರಿ."

"ಹೌದು."

"ಹಾಗಾದ್ರೆ ಉಳಿದ ಐವತ್ತೊಂಬತ್ತು ಏನು, ರಜೆ ಮೇಲೆ ಹೋಗಿದ್ವಾ?"

"ಅವೂ ದುರ್ಬಲ ಇರಬಹುದು ಅಂದ್ಕೊಂಡೆ."

"ನೋಡಿದ್ರಾ, ಅಂದ್ಕೊಂಡ್ರಾ?"

"ಅಂದ್ಕೊಂಡೆ."

"ಸರಿ. ಇನ್ನೊಂದು. ಇದೆಲ್ಲ ಗಂಡಿನ ಕಡೆ ಲೆಕ್ಕ. ಹೆಣ್ಣಿನ ಕಡೆದು ಯಾವ ಪುಟದಲ್ಲಿದೆ?"

ಹೆಣ್ಣಿನ ಕಡೆಯದನ್ನು ನಾನು ನೋಡಿರಲಿಲ್ಲ. ಈ ಕೆಲಸ ಮಾಡುವವರು ಸಾಮಾನ್ಯವಾಗಿ ನೋಡುವುದಿಲ್ಲ. ಒಂದು ಮೊಗ್ಗಿನ ಪರಾಗಕೋಶವನ್ನು ಬಣ್ಣದ ಹನಿಯಲ್ಲಿ ಜಜ್ಜಿದರೆ ಬೇಕಾದ ಹಂತದ ನೂರಾರು ಕೋಶಗಳು ಒಟ್ಟಿಗೆ ಸಿಗುತ್ತವೆ. ಅರ್ಧ ಗಂಟೆಯ ಕೆಲಸ. ಅಂಡಾಶಯದೊಳಗೆ ಹಾಗಲ್ಲ. ಮುಂದೆ ಬೀಜವಾಗುವ ಒಂದೊಂದು ಅಂಡಕಕ್ಕೆ ಒಂದೇ ಕೋಶ, ಅದೂ ಹಲವು ಪದರಗಳ ಒಳಗೆ ಹುದುಗಿರುತ್ತದೆ. ಮೇಣದಲ್ಲಿ ಹುಗಿದು, ಕೂದಲಿಗಿಂತ ತೆಳ್ಳಗೆ ಸೀಳಿ, ಸಾಲಾಗಿ ಅಂಟಿಸಿ ಹುಡುಕಬೇಕು. ಇದನ್ನೆಲ್ಲ ಅವಳಿಗೆ ಹೇಳಿದೆ.

"ಅಂದ್ರೆ ನಮ್ಮಣ್ಣ ಫ್ರಿಜ್ಜಿನ ಬಾಗಿಲು ಮಾತ್ರ ನೋಡಿ ಮನೇಲಿ ಹಾಲೇ ಇಲ್ಲ ಅನ್ನೋ ಹಾಗೆ," ಅಂದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ತನ್ನ ಪಾಲಿನ ಅರ್ಧವನ್ನು ನನ್ನ ಡಬ್ಬಿಗೆ ಹಾಕಿದಳು. ಬೈದ ಮೇಲೆ ಹಾಗೆ ಮಾಡುವುದು ಅವಳ ಅಭ್ಯಾಸ.

ಮಧ್ಯಾಹ್ನ ಎರಡು ಗಂಟೆಗೆ ಮೂವತ್ತು ಮೊಗ್ಗು ತೆಗೆದುಕೊಂಡೆ. ಲೋಳೆಸರದ ದಂಟು ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ಬುಡದಲ್ಲಿ ಬಿರಿದ ಹೂ, ನಡುವೆ ನಾಳೆಯದು, ತುದಿಯಲ್ಲಿ ಹತ್ತು ದಿನ ಆಚೆಯದು. ಹೆಣ್ಣಿನ ಕಡೆ ಕೋಶ ಇಬ್ಭಾಗವಾಗುವುದು ಗಂಡಿಗಿಂತ ತಡವಾಗಿ ಎಂದು ಗೊತ್ತಿತ್ತು, ಎಷ್ಟು ತಡ ಎಂಬುದು ಗೊತ್ತಿರಲಿಲ್ಲ. ಆದ್ದರಿಂದ ಎಂಟು ಮಿಲಿಮೀಟರಿನಿಂದ ಹದಿನಾಲ್ಕು ಮಿಲಿಮೀಟರಿನವರೆಗೆ ಪ್ರತಿ ಅಳತೆಯದನ್ನೂ ತೆಗೆದು ಮದ್ಯಸಾರ ಮತ್ತು ಅಸಿಟಿಕ್ ಆಮ್ಲದಲ್ಲಿ ಹಾಕಿದೆ. ಮುಂದಿನ ಐದು ದಿನ ಅವು ಒಂದು ಸೀಸೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಕರಗಿದ ಮೇಣಕ್ಕೆ ಹೋದವು. ಈ ಕೆಲಸದಲ್ಲಿ ಆತುರಪಟ್ಟರೆ ಕೋಶ ಮುದುರಿಕೊಳ್ಳುತ್ತದೆ. ಆ ಐದು ದಿನದಲ್ಲಿ ಪಾತಿಯ ಹದಿನಾರು ಗಿಡ ಬಿದ್ದವು.

ಮಾರ್ಚ್ ಇಪ್ಪತ್ತರಂದು ಬೆಳಗ್ಗೆ ಮೊದಲ ಸ್ಲೈಡ್‌ಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸಂಜೆಯವರೆಗೂ ಏನೂ ಇಲ್ಲ. ಒಂದೋ ತೀರಾ ಮುಂಚೆ, ಒಂದೋ ಮುಗಿದ ಮೇಲೆ. ಮರುದಿನ ಹನ್ನೊಂದು ಮಿಲಿಮೀಟರಿನ ಮೊಗ್ಗಿನಲ್ಲಿ ಸರಿಯಾದ ಹಂತ ಸಿಕ್ಕಿತು.

ನಾನು ಕಂಡದ್ದನ್ನು ಆದಷ್ಟು ಸರಳವಾಗಿ ಹೇಳುತ್ತೇನೆ. ಗಂಡಿನ ಕಡೆ ಒಂದು ಕೋಶ ಎರಡು ಸಲ ಇಬ್ಭಾಗವಾಗಿ ನಾಲ್ಕಾಗುತ್ತದೆ, ನಾಲ್ಕೂ ಪರಾಗವಾಗುತ್ತವೆ. ಹೆಣ್ಣಿನ ಕಡೆಯೂ ನಾಲ್ಕಾಗುತ್ತದೆ. ಆದರೆ ನಾಲ್ಕೂ ಒಂದೇ ಸಾಲಿನಲ್ಲಿ, ಬೆಂಚಿನ ಮೇಲೆ ಕೂತವರ ಹಾಗೆ ಇರುತ್ತವೆ. ಅವುಗಳಲ್ಲಿ ಮೂರು ಸಾಯುತ್ತವೆ. ಒಳತುದಿಯ ಒಂದು ಮಾತ್ರ ಉಳಿದು ಬೆಳೆದು, ಅದರೊಳಗೆ ಅಂಡ ಹುಟ್ಟುತ್ತದೆ. ಯಾವಾಗಲೂ ತುದಿಯದೇ. ಇದು ಪಠ್ಯಪುಸ್ತಕದಲ್ಲಿ ಇರುವ ಮಾತು, ನಾನು ಇಪ್ಪತ್ತು ವರ್ಷ ಪಾಠ ಮಾಡಿದ ಮಾತು.

ನನ್ನ ಕಣ್ಣೆದುರಿನ ಕೋಶದಲ್ಲಿ ಮೊದಲ ವಿಭಜನೆ ಮುಗಿದಿತ್ತು. ನಡುವೆ ಸೇತುವೆ ಇತ್ತು. ಗಂಡಿನ ಕಡೆ ಸಾವಿರಾರು ಸಲ ನೋಡಿದ ಅದೇ ಬಿಗಿದ ಎಳೆ, ಪಕ್ಕದಲ್ಲಿ ಅದೇ ಒಂಟಿ ಚೂರು. ಇಲ್ಲೂ ಹಾಳೇ ಅಂದುಕೊಂಡು ಸ್ಲೈಡ್ ಸರಿಸಿದೆ. ಮುಂದಿನ ಸೀಳಿನಲ್ಲಿ ಇನ್ನೊಂದು ಅಂಡಕ, ಸ್ವಲ್ಪ ಮುಂದಿನ ಹಂತದ್ದು, ಎರಡನೇ ವಿಭಜನೆ ನಡೆಯುತ್ತಿದ್ದದ್ದು. ಅದನ್ನು ನೋಡುತ್ತಾ ನನ್ನ ಕೈ ನಿಂತಿತು.

ಸೇತುವೆ ಅಲ್ಲೂ ಇತ್ತು, ಆದರೆ ನಡುವಿನ ಎರಡು ಗುಂಪುಗಳ ಮಧ್ಯೆ ಮಾತ್ರ. ಸೇತುವೆಗೆ ಸಿಕ್ಕಿಬಿದ್ದ ಎಳೆಗಳು ಒಂದನ್ನೊಂದು ಹಿಡಿದಿದ್ದರಿಂದ ದೂರ ಹೋಗಲಾರದೆ ನಡುವೆಯೇ ಉಳಿದಿದ್ದವು. ಬೆಂಚಿನ ಎರಡು ಬದಿಗೆ ಇಬ್ಬಿಬ್ಬರು ಕೂತಿದ್ದು, ಆ ಬದಿಯ ಒಬ್ಬ, ಈ ಬದಿಯ ಒಬ್ಬ ಒಂದೇ ಕಂಬಳಿ ಹೊದ್ದಿದ್ದರೆ ಅವರಿಬ್ಬರೂ ಅಕ್ಕಪಕ್ಕ ನಡುವೆಯೇ ಕೂರಬೇಕಲ್ಲ, ಹಾಗೆ. ಯಾವ ಹಂಗೂ ಇಲ್ಲದ ಇಡಿಯ ಎಳೆಗಳು ಎರಡು ತುದಿಗಳಿಗೆ ಸರಿದಿದ್ದವು. ಒಳತುದಿಯಲ್ಲಿ, ಅಂಡವಾಗಲಿರುವ ಜಾಗದಲ್ಲಿ, ಎಣಿಸಿದೆ. ನಾಲ್ಕು ಉದ್ದ, ಮೂರು ಗಿಡ್ಡ. ಏಳೂ ಪೂರ್ತಿ. ಮತ್ತೆ ಎಣಿಸಿದೆ. ಏಳು.

ಯಾರೂ ಇದನ್ನು ನಡೆಸುತ್ತಿಲ್ಲ. ಅಲ್ಲಿ ಆಯ್ಕೆ ಮಾಡುವ ಕಣ್ಣಿಲ್ಲ, ತಿದ್ದುವ ಕೈಯಿಲ್ಲ. ಬರೀ ಒಂದು ಬಿಗಿತ, ಒಂದು ಸಾಲು, ಸಾಲಿನ ಕೊನೆ. ಕೆಟ್ಟದ್ದು ಕೆಟ್ಟದ್ದನ್ನು ಹಿಡಿದುಕೊಂಡದ್ದರಿಂದಲೇ ಒಳ್ಳೆಯದಕ್ಕೆ ತುದಿಯ ಜಾಗ ಖಾಲಿಯಾಗುತ್ತಿತ್ತು. ನಾನು ದೋಷ ಎಂದು ಕರೆದದ್ದು, ಹತ್ತೊಂಬತ್ತು ವರ್ಷ ಸಪ್ಪೆಯ ಮೇಲೆ ಹೊರಿಸಿದ್ದು, ಅಂಡದ ಬಾಗಿಲಲ್ಲಿ ಕಾವಲಿಗೆ ನಿಂತಿತ್ತು. ಪ್ರತಿ ವಸಂತದಲ್ಲೂ, ಪ್ರತಿ ಹೂವಿನ ಒಳಗೂ, ನೋಡುವವರು ಯಾರೂ ಇಲ್ಲದಾಗಲೂ ಇದು ನಡೆದೇ ಇತ್ತು.

ಕಿಟಕಿಯಿಂದ ನಾದಿನಿಯನ್ನು ಕೂಗಿದೆ. ಬೂಟಿನ ಮಣ್ಣು ಸಮೇತ ಮೇಲೆ ಬಂದಳು. ಕಣ್ಣು ಹೊಂದಿಸಿಕೊಂಡು ಬಹಳ ಹೊತ್ತು ನೋಡಿದಳು. ನಾನು ಎಲ್ಲವನ್ನೂ ವಿವರಿಸಿದೆ.

"ತುದೀದು ಸರಿ ಇದೆಯಾ?"

"ಸರಿ ಇದೆ."

"ಪ್ರತೀ ಸಲ?"

"ಇನ್ನೂ ನೋಡ್ತಾ ಇದ್ದೀನಿ."

ಮರುದಿನ ಮಧ್ಯಾಹ್ನದೊಳಗೆ ಆರುನೂರಕ್ಕೂ ಹೆಚ್ಚು ಅಂಡಕ ನೋಡಿದೆ. ಸರಿಯಾದ ಹಂತದಲ್ಲಿದ್ದದ್ದು ಇಪ್ಪತ್ತಮೂರು. ಸೇತುವೆ ಇದ್ದದ್ದು ಹದಿಮೂರರಲ್ಲಿ. ಹದಿಮೂರರಲ್ಲೂ ತುದಿಯ ಕೋಶಕ್ಕೆ ಏಳು ಇಡಿಯಾಗಿ ಬಂದಿದ್ದವು.

"ಹಾಗಾದ್ರೆ ಹೆಣ್ಣಿನ ತಪ್ಪೇನೂ ಇಲ್ಲ," ಅಂದಳು ನಾದಿನಿ. "ಗಂಡಿನ ಕಡೆ ಐವತ್ತೊಂಬತ್ತು ಮಂದಿ ಜೀವಂತ ಇದ್ದಾರೆ. ಮತ್ತೆ ಕಾಯಿ ಯಾಕೆ ಆಗ್ತಿಲ್ಲ ಅತ್ತಿಗೆ? ಜಗಳ ಗಿಗಳ ಏನಾದ್ರೂ?"

ಉತ್ತರ ನನ್ನ ಪ್ರಬಂಧದ ಎರಡನೇ ಕೋಷ್ಟಕದಲ್ಲೇ ಇತ್ತು. ಹನ್ನೊಂದು ಗಿಡಗಳಲ್ಲಿ ಆ ಒಂಟಿ ಚೂರಿನ ಉದ್ದವನ್ನು ನಾನೇ ಅಳೆದು ಬರೆದಿದ್ದೆ. ಹನ್ನೊಂದರಲ್ಲೂ ಒಂದೇ ಅಳತೆ. ಅದು ಈ ತಳಿಯ ಲಕ್ಷಣ ಎಂದು ಕೆಳಗೆ ಟಿಪ್ಪಣಿ ಹಾಕಿದ್ದೆ. ಈಗ ಓದಿದರೆ ಅದು ಬೇರೆಯೇ ಹೇಳುತ್ತಿತ್ತು. ಹನ್ನೊಂದು ಬೇರೆ ಬೇರೆ ಗಿಡಗಳಾಗಿದ್ದರೆ ಕೆಲವಕ್ಕಾದರೂ ಆ ತಿರುವುಮುರುವು ಇರುತ್ತಿರಲಿಲ್ಲ. ಬುಟ್ಟಿಯಿಂದ ಇಳಿಸಿ, ಹನ್ನೊಂದು ಕುಂಡ, ಹನ್ನೊಂದು ನಂಬರು, ಹನ್ನೊಂದು ತಗಡಿನ ಚೀಟಿ ಮಾಡಿದ ಕೂಡಲೇ ನನ್ನ ಮಟ್ಟಿಗೆ ಅವು ಹನ್ನೊಂದು ಜೀವಗಳಾಗಿಬಿಟ್ಟಿದ್ದವು. ಚೀಟಿ ಕಟ್ಟುವುದು ನಮ್ಮ ಕಸುಬು. ಕಟ್ಟಿದ ಮೇಲೆ ಅದನ್ನು ನಂಬುವುದೂ ಕಸುಬೇ.

ಸಂಜೆ ಮನೆಗೆ ಹೋದವಳು ನೇರ ಕೆಳಗಿನ ಭಾಗಕ್ಕೆ ಹೋದೆ. ಅತ್ತೆ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರು.

"ಅತ್ತೆ, ಆ ಗಣಿ ಹತ್ತಿರ ಮರಿ ತಂದ್ರಲ್ಲ, ಎಷ್ಟು ಜಾಗದಿಂದ ಕಿತ್ತಿದ್ರಿ?"

"ಎಷ್ಟು ಜಾಗ ಅಂದ್ರೆ?"

"ಹನ್ನೊಂದು ಮರಿ ಇತ್ತಲ್ಲ."

"ಹನ್ನೊಂದು ಕಡೆ ಅಲೆಯೋಕೆ ನಂಗೇನು ಬೇರೆ ಕೆಲಸ ಇರಲಿಲ್ವಾ? ಒಂದೇ ಬುಡ. ಸುತ್ತ ಮರಿ ಎದ್ದಿದ್ವು, ಕೋಳಿ ಸುತ್ತ ಇರೋ ಹಾಗೆ. ಅಷ್ಟನ್ನೂ ಕಿತ್ತುಕೊಂಡು ಬಂದೆ."

"ಆವತ್ತೇ ಹೇಳಬಾರದಿತ್ತಾ?"

"ನೀನು ಕೇಳಿದ್ದು ಹೆಸರು, ತಾರೀಖು, ಎತ್ತರ," ಅಂದರು ಅತ್ತೆ. "ಅಷ್ಟೂ ಹೇಳಿದೆ."

ಬಾಗಿಲಲ್ಲಿ ನಿಂತಿದ್ದ ನಾದಿನಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ನನಗೂ ನಗು ಬಂತು. ಆಮೇಲೆ ಬರಲಿಲ್ಲ. ಲೋಳೆಸರ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಮುಟ್ಟಿಸಿದರೆ ಶಲಾಕೆಯಲ್ಲೇ, ಅಂದರೆ ಅಂಡಾಶಯದ ಮೇಲೆ ನಿಂತ ಸಣ್ಣ ಕಡ್ಡಿಯಲ್ಲೇ, ತಡೆದುಬಿಡುತ್ತದೆ. ನಾನು ಇನ್ನೂರಾ ಹನ್ನೆರಡು ಸಲ ಒಂದು ಗಿಡಕ್ಕೆ ಅದನ್ನೇ ಜೊತೆ ಮಾಡಿದ್ದೆ, ಇನ್ನೂರಾ ಹನ್ನೆರಡು ಸಲವೂ ಅದು ಸರಿಯಾಗಿಯೇ ಬೇಡ ಅಂದಿತ್ತು.

ಬೇರೆ ಗಿಡ ಬೇಕಿತ್ತು, ಅದೂ ಹೂಬಿಟ್ಟದ್ದು, ಅದೂ ಈ ವಾರದಲ್ಲೇ. ನಮ್ಮ ತೋಟದ ಕಹಿ ಲೋಳೆಸರಗಳು ಫೆಬ್ರವರಿಯಲ್ಲೇ ಹೂ ಮುಗಿಸಿದ್ದವು. ನಾದಿನಿ ಸೈಕಲ್ ಹತ್ತಿ ಎರಡು ದಿನ ಬೀದಿ ಬೀದಿ ತಿರುಗಿದಳು. ಜನರ ಬಾಲ್ಕನಿ, ಮೆಟ್ಟಿಲು, ಶೌಚಾಲಯದ ಕಿಟಕಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬ ದರ್ಜಿಯ ಅಂಗಡಿಯ ಮುಂದೆ, ತುಕ್ಕು ಹಿಡಿದ ಎಣ್ಣೆ ಡಬ್ಬದಲ್ಲಿ ಸಿಕ್ಕಿತು. ಕಿತ್ತಳೆ ಬಣ್ಣದ ಹೂ. ಸಪ್ಪೆಯದು ಹಳದಿ.

"ಏನಮ್ಮ, ರವಿಕೆನಾ?" ಅಂದ ದರ್ಜಿ ಮಿಷನ್ನಿನಿಂದ ತಲೆ ಎತ್ತದೆ.

"ಅಲ್ಲ, ಸಂಬಂಧ ಕೇಳೋಕೆ ಬಂದಿದ್ದೀವಿ," ಅಂದಳು ನಾದಿನಿ. "ನಿಮ್ಮ ಹುಡುಗ ಹೊರಗೆ ಡಬ್ಬದಲ್ಲಿ ನಿಂತಿದ್ದಾನಲ್ಲ, ಅವನಿಗೆ."

ದರ್ಜಿ ಕನ್ನಡಕದ ಮೇಲಿಂದ ಮೊದಲು ಅವಳನ್ನು, ಆಮೇಲೆ ನನ್ನನ್ನು, ಆಮೇಲೆ ಡಬ್ಬವನ್ನು ನೋಡಿದ. "ಹೆಣ್ಣಿನ ಕಡೆಯವರು ಹೇಗೆ?"

"ಹೆಣ್ಣು ತುಂಬಾ ಸಪ್ಪೆ. ಆದ್ರೆ ಒಳ್ಳೆ ಮನೆತನ."

"ನಮ್ಮೋನು ಕಹಿ. ಹೊಂದಿಕೊಂಡು ಹೋಗಬೇಕು," ಅಂದ ದರ್ಜಿ. ಕತ್ತರಿ ತೆಗೆದುಕೊಂಡು ಹೊರಗೆ ಬಂದು, "ಎಷ್ಟು ಉದ್ದ ಬೇಕು?" ಎಂದು ದಂಟಿನ ಪಕ್ಕದಲ್ಲಿ ಅಳತೆ ಟೇಪು ಹಿಡಿದ. ದಂಟು ಕತ್ತರಿಸುವುದು ಬೇಡ, ದಿನಾ ಬೆಳಗ್ಗೆ ಬಂದು ಬಿರಿದ ಹೂಗಳನ್ನಷ್ಟೇ ಒಯ್ಯುತ್ತೇವೆ ಎಂದೆ. ಎಳೆಯ ಎರಡು ಮೊಗ್ಗನ್ನು ಮಾತ್ರ ಅಂದೇ ತಂದು ಜಜ್ಜಿ ನೋಡಿದೆ. ಸೇತುವೆ ಇಲ್ಲ, ಚೂರು ಇಲ್ಲ. ಏಳು ಆ ಕಡೆ, ಏಳು ಈ ಕಡೆ, ಶಿಸ್ತಾಗಿ. ನಿಜವಾಗಿಯೂ ಬೇರೆ ಗಿಡ.

ಮಾರ್ಚ್ ಇಪ್ಪತ್ತೈದರಿಂದ ಏಪ್ರಿಲ್ ಐದರವರೆಗೆ, ಪ್ರತಿದಿನ ಬೆಳಗ್ಗೆ ಒಂಬತ್ತು ಗಂಟೆಗೆ, ಗಾಜಿನ ಕೋಣೆಯಲ್ಲಿ ಸಣ್ಣ ಕುಂಚದಿಂದ ಆ ಪರಾಗವನ್ನು ಸಪ್ಪೆಯ ಹೂಗಳಿಗೆ ಮುಟ್ಟಿಸಿದೆ. ಹೂ ಅರಳಿದ ದಿನ ಶಲಾಕೆ ಗಿಡ್ಡಗಿರುತ್ತದೆ. ಮರುದಿನ ಉದ್ದವಾಗಿ, ತುದಿಯಲ್ಲಿ ಒಂದು ತೇವದ ಚುಕ್ಕೆ ಹೊಳೆಯುತ್ತದೆ. ಆಗ ಮಾತ್ರ ಮುಟ್ಟಿಸಬೇಕು. ಒಟ್ಟು ನೂರಾ ಹದಿನೆಂಟು ಹೂ. ನಡುವೆ ಮೂವತ್ತೊಂದನೇ ತಾರೀಖು ಬಂತು. ಪಾತಿಯನ್ನು ಅಗೆದು ಮಣ್ಣನ್ನು ಲಾರಿಗೆ ತುಂಬಿದರು. ನಾದಿನಿ ಆ ದಿನ ತೋಟಕ್ಕೆ ಬೆನ್ನು ಹಾಕಿ ನಿಂತು ನನಗೆ ಹೂಗಳ ನಂಬರು ಬರೆದುಕೊಟ್ಟಳು.

ಏಪ್ರಿಲ್ ಒಂಬತ್ತಕ್ಕೆ ಮೊದಲ ಕುಂಡದ ಬುಡ ಮೆತ್ತಗಾಯಿತು. ಅದರ ದಂಟಿನಲ್ಲಿ ಒಂದು ಅಂಗುಲಕ್ಕೂ ಕಡಿಮೆಯ ಆರು ಕಾಯಿ ಹಸುರಾಗಿ ನಿಂತಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಸಪ್ಪೆಯ ಮೇಲೆ ಯಾರೂ ನೋಡಿರದ ವಸ್ತು. ಕಾಯಿ ಬಲಿಯಲು ಇನ್ನೂ ಐದು ವಾರವಾದರೂ ಬೇಕು, ಗಿಡಕ್ಕೆ ಇದ್ದದ್ದು ಒಂದು ದಿನ.

"ದಂಟು ಕೊಯ್ದು ಸಕ್ಕರೆ ನೀರಲ್ಲಿ ನಿಲ್ಲಿಸೋಣ," ಅಂದಳು ನಾದಿನಿ. "ಕೊಯ್ದ ಹೂವನ್ನ ಮೂರು ವಾರ ಉಳಿಸಿದ್ದೀನಿ ನಾನು. ಕಾಯಿ ಉಳಿಸಿಲ್ಲ. ನೋಡೋಣ."

ಮೊದಲ ದಂಟು ಹನ್ನೆರಡು ದಿನಕ್ಕೆ ಹಳದಿಯಾಗಿ, ಆರು ಕಾಯಿಯೂ ಉದುರಿದವು. ಎರಡನೆಯದೂ ಹಾಗೆಯೇ. ಸಕ್ಕರೆ ಹೆಚ್ಚಾಯಿತೆಂದು ನಾನು, ನೀರು ಹಳಸಿತೆಂದು ಅವಳು. ಇಬ್ಬರ ಮಾತೂ ನಿಜವಿರಬಹುದು. ಮೂರು ಮತ್ತು ನಾಲ್ಕನೆಯ ಗಿಡಗಳು ಒಂದೇ ವಾರದಲ್ಲಿ ಕುಸಿದವು. ಅವುಗಳ ಕಾಯಿಗಳು ಬಲಿಯದೆ ಒಣಗಿದವು. ಐದನೆಯದು ಮೇ ಹನ್ನೊಂದರವರೆಗೂ ಕುಂಡದಲ್ಲಿ ನೆಟ್ಟಗೆ ನಿಂತಿತ್ತು. ಯಾಕೆ ಅದೊಂದು ಅಷ್ಟು ದಿನ ತಡೆಯಿತೋ ಹೇಳಲಾರೆ. ಅವತ್ತು ಬೆಳಗ್ಗೆ ಎಲೆ ಹಿಡಿದರೆ ಕೈಗೆ ಬಂತು. ಅಲ್ಲಿಗೆ ಭೂಮಿಯ ಮೇಲೆ ನಮಗೆ ಗೊತ್ತಿದ್ದ ಸಪ್ಪೆ ಮುಗಿಯಿತು. ಉಳಿದದ್ದು ಅದರಿಂದ ಕೊಯ್ದು ಗಾಜಿನ ಸೀಸೆಯಲ್ಲಿ ನಿಲ್ಲಿಸಿದ ಒಂದು ದಂಟು, ಅದರ ಮೇಲೆ ಒಂಬತ್ತು ಕಾಯಿ.

ನಾದಿನಿ ದಿನಕ್ಕೆ ಎರಡು ಸಲ ನೀರು ಬದಲಿಸಿದಳು, ಪ್ರತಿಸಲವೂ ದಂಟಿನ ತುದಿಯನ್ನು ನೀರಿನೊಳಗೇ ಓರೆಯಾಗಿ ಕೊಯ್ದಳು. ಮಾತು ಕಡಿಮೆಯಾಗಿತ್ತು. ಮನೆಯಲ್ಲಿ ಅವಳ ಗಂಡ, "ಏನತ್ತಿಗೆ, ನಮ್ಮನೆಯವಳು ಮೂರು ದಿನದಿಂದ ನನ್ನ ಬೈದೇ ಇಲ್ಲ, ಹುಷಾರಿಲ್ವಾ?" ಎಂದು ನನ್ನನ್ನು ಕೇಳಿದರು.

ಮೇ ಹತ್ತೊಂಬತ್ತರಂದು ಕಾಯಿಗಳು ಕಂದಾಗಿ ತುದಿಯಲ್ಲಿ 'ಚಿಟ್' ಎಂದು ಬಿರಿಯತೊಡಗಿದವು. ಮೂರು ಕೋಣೆ, ಪ್ರತಿ ಕೋಣೆಯಲ್ಲಿ ಒತ್ತಾಗಿ ಜೋಡಿಸಿದ ಬೂದು ಬಣ್ಣದ ಚಪ್ಪಟೆ ಬೀಜ, ಸುತ್ತ ತೆಳುವಾದ ರೆಕ್ಕೆ. ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದೆ. ನಡುವೆ ಕಪ್ಪು ನೆರಳಿದ್ದರೆ ಒಳಗೆ ಭ್ರೂಣವಿದೆ ಎಂದರ್ಥ, ಇಲ್ಲದಿದ್ದರೆ ಬರೀ ರೆಕ್ಕೆ. ನೂರಾ ಆರು ಬರೀ ರೆಕ್ಕೆ. ಹದಿನೇಳರಲ್ಲಿ ನೆರಳಿತ್ತು.

ಹದಿನೇಳನ್ನೂ ಒದ್ದೆ ಕಾಗದ ಹಾಸಿದ ಗಾಜಿನ ತಟ್ಟೆಗಳಲ್ಲಿಟ್ಟು ಮುಚ್ಚಿದೆ. ಅವು ಪೂರ್ತಿ ಸಪ್ಪೆಯಲ್ಲ, ಅರ್ಧ ದರ್ಜಿಯ ಡಬ್ಬದ ಗಿಡ. ಎಲೆ ಕಹಿಯಾಗಬಹುದು, ಆಗದಿರಬಹುದು. ರೋಗ ತಡೆಯಬಹುದು, ತಡೆಯದಿರಬಹುದು. ಎರಡು ವರ್ಷ ಬೆಳೆಯದೆ ಯಾವುದೂ ಗೊತ್ತಾಗುವುದಿಲ್ಲ. ಆದರೆ ಹದಿನೇಳೂ ಒಂದೇ ಆಗಿರುವುದಿಲ್ಲ ಎಂಬುದು ಮಾತ್ರ ಖಚಿತ. ಪ್ರತಿಯೊಂದಕ್ಕೂ ತುದಿಯ ಕೋಶದ ಏಳು ಬೇರೆ ಬೇರೆ ರೀತಿಯಲ್ಲಿ ಬಂದಿರುತ್ತವೆ.

ಎರಡು ವಾರ ಏನೂ ಆಗಲಿಲ್ಲ. ನಾಲ್ಕಕ್ಕೆ ಬೂಷ್ಟು ಬಂದು ಎಸೆದೆ. ಜೂನ್ ಏಳು, ಬುಧವಾರ ಬೆಳಗ್ಗೆ, ಎರಡನೇ ತಟ್ಟೆಯ ಮುಚ್ಚಳದ ಮೇಲಿನ ಹನಿಗಳ ಮರೆಯಲ್ಲಿ ಏನೋ ಬೆಳ್ಳಗೆ ಕಂಡಿತು. ಮುಚ್ಚಳವನ್ನು ಮೆತ್ತಗೆ ತಟ್ಟಿದೆ, ಹನಿಗಳು ಸರಿದವು. ಒಂದು ಬೀಜದ ಅಂಚು ಸೀಳಿ, ಅದರಿಂದ ಒಂದು ಬೇರು ಹೊರಗೆ ಬಂದು ಕಾಗದದ ಕಡೆ ಬಾಗಿತ್ತು. ಹಾಲಿನ ಬಣ್ಣ, ತುದಿ ಮಾತ್ರ ಪಾರದರ್ಶಕ. ಆ ತುದಿಯೊಳಗೆ ಕೋಶಗಳು ಆಗಲೇ ಎರಡಾಗಿ, ನಾಲ್ಕಾಗಿ, ಪ್ರತಿಯೊಂದೂ ಹದಿನಾಲ್ಕನ್ನು ತಪ್ಪದೆ ಹಂಚಿಕೊಳ್ಳುತ್ತಿದ್ದವು. ಸೂಕ್ಷ್ಮದರ್ಶಕ ಪಕ್ಕದಲ್ಲೇ ಇತ್ತು. ಅದರ ಕಡೆ ಕೈ ಹೋಗಲಿಲ್ಲ.

ನಾದಿನಿ ಮೇಲೆ ಬಂದಳು, ನೋಡಿದಳು. ಮೇಜಿನ ಅಂಚನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು.

"ಇದು ಬದುಕಿದೆ ಅಲ್ವಾ ಅತ್ತಿಗೆ?"

"ಬದುಕಿದೆ."

"ಎಷ್ಟಿದೆ ಅಳೀರಿ. ಅಮ್ಮ ಕೇಳ್ತಾರೆ."

ಮುಚ್ಚಳ ತೆಗೆಯದೆ, ತಟ್ಟೆಯ ಕೆಳಗೆ ಗೆರೆ ಹಾಕಿದ ಕಾಗದ ಸರಿಸಿ ಮೂರು ಸಲ ಅಳೆದೆ. ಮೂರು ಸಲವೂ ಒಂದೇ ಬಂತು. ಬೇರಿನ ಉದ್ದ ಮೂರೂವರೆ ಮಿಲಿಮೀಟರ್.